ಕೆಂಪು ರಾಶಿಯ ಪಕ್ಕದ ಮುಖಗಳು

ಬ್ಯಾಡಗಿ ಮಾರುಕಟ್ಟೆಯ ಚಿತ್ರವೆಂದರೆ ಮೆಣಸಿನಕಾಯಿಯ ಕೆಂಪು ರಾಶಿ, ಅದರ ಅಂಚಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ತುಂಬು (ತೊಟ್ಟು) ಬಿಡಿಸುತ್ತ ಕುಳಿತ ಹೆಂಗಸರು ಎಂಬುದು ರೂಢಿಯಾಗಿದೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆ ಕಾಯಿಯ ಬಣ್ಣಕ್ಕೆ ದೊರೆತ ಹೆಸರು ಅದನ್ನು ಹಸನು ಮಾಡುವ ಕೈಗಳಿಗೆ ದೊರೆತಿಲ್ಲ. ಹಾವೇರಿಯ ನಾವು ಕೆಲವು ಗೆಳೆಯರು ಕೈಯಿಂದಲೇ ಹಣ ಹಾಕಿ, ಕಥೆಯ ಹಂಗಿಲ್ಲದ ಪ್ರಾಯೋಗಿಕ ಚಿತ್ರವೊಂದನ್ನು ಮಾಡಿದಾಗ ಈ ಹೆಂಗಸರನ್ನೇ ನಡುವೆ ಇಟ್ಟುಕೊಂಡೆವು. ತೆರೆಯ ಮೇಲೆ ಯಾವ ಸಮುದಾಯದವರು ಎಷ್ಟು ಜನ ಇದ್ದಾರೆ ಎಂಬ ಲೆಕ್ಕಕ್ಕಿಂತ, ಅವರು ಹೇಗೆ ಕಾಣಬೇಕು, ಯಾವ ಮಾತು ಉಳಿಯಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎಂಬುದರಲ್ಲಿಯೇ ಪ್ರಾತಿನಿಧ್ಯ ಇದೆ ಎಂಬುದು ಈ ಕೆಲಸದಿಂದ ನನ್ನಲ್ಲಿ ಬಲವಾದ ನಂಬಿಕೆ.

ಪ್ರಶ್ನೆ ಕ್ಯಾಮೆರಾದಿಂದಲೇ ಆರಂಭವಾಗುತ್ತದೆ. ಚೌಕಟ್ಟಿನ ಬಹುಭಾಗವನ್ನು ಕೆಂಪು ತುಂಬಿದಾಗ ಬಣ್ಣಗಳನ್ನು ಸರಿದೂಗಿಸುವ ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಆ ಕೆಂಪನ್ನು ತಗ್ಗಿಸಲು ಹೋಗುವುದರಿಂದ ಮುಖದ ಬಣ್ಣ ಹಸಿರು-ನೀಲಿಯ ಕಡೆಗೆ ವಾಲಿ, ಮಾತಾಡುತ್ತ ಕುಳಿತವರೂ ಕಾಯಿಲೆಯವರಂತೆ ಕಾಣುತ್ತಾರೆ. ಬಿಸಿಲಿನಲ್ಲಿರುವ ರಾಶಿಗೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕಿನ ಪ್ರಮಾಣ) ಹೊಂದಿಸಿದರೆ ತಗಡಿನ ನೆರಳಿನಲ್ಲಿರುವ ಕಪ್ಪು ಮುಖಗಳು ಕತ್ತಲಲ್ಲಿ ಮುಳುಗುತ್ತವೆ. ಆದ್ದರಿಂದ ಬೂದು ಬಣ್ಣದ ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸನ್ನು ನಾವೇ ನಿಗದಿ ಮಾಡಿದೆವು. ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಸಾಲಿನಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಅಜ್ಜಿಯ ಕೆನ್ನೆಯ ಮೇಲಿಟ್ಟು ಎಕ್ಸ್‌ಪೋಷರ್ ಹೊಂದಿಸಿದೆವು. ಹಿಂದಿನ ರಾಶಿ ಬೆಳಕಿನಲ್ಲಿ ಸುಟ್ಟು, ಕಡ್ಡಿ ತಳಿಯೋ ಡಬ್ಬಿ ತಳಿಯೋ ಎಂದು ಗುರುತಿಸಲಾಗದ ಬರಿಯ ಕೆಂಪಾಯಿತು. ಅಜ್ಜಿಯ ಕಣ್ಣಂಚಿನ ಸುಕ್ಕುಗಳು ಮಾತ್ರ ಒಂದೊಂದೂ ಉಳಿದವು. ನನಗೆ ಬೇಕಾಗಿದ್ದುದು ಅದೇ.

ಆ ಒಂದೇ ಸಾಲಿನಲ್ಲಿ ಹಾವೇರಿ ಕಡೆಯ ಕನ್ನಡ, ಮುಸ್ಲಿಂ ಹೆಂಗಸರ ಉರ್ದು, ತಾಂಡಾದಿಂದ ಬಂದವರ ಲಂಬಾಣಿ ಮೂರೂ ಓಡಾಡುತ್ತವೆ. ನಮ್ಮ ಸಿನಿಮಾಗಳಲ್ಲಿ ಈ ಕಡೆಯ ಕನ್ನಡ ನಗಿಸುವುದಕ್ಕೆ ಬಳಕೆಯಾಗುವುದೇ ಹೆಚ್ಚು. ಹೀಗಾಗಿ ಕೂಲಿಯ ಲೆಕ್ಕ, ತೂಕದ ಜಗಳದಂತಹ ಗಂಭೀರ ಮಾತುಗಳನ್ನು ಆ ನುಡಿಯಲ್ಲಿಯೇ ಇರಿಸಿ, ಉಪಶೀರ್ಷಿಕೆಯನ್ನೂ ಅದೇ ಧಾಟಿಯಲ್ಲಿ ಬರೆದೆವು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ, ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಚಿತ್ರದಲ್ಲಿರುವ ಲಂಬಾಣಿ ಹಾಡಿಗೆ ಕನ್ನಡದಲ್ಲಿ ಅರ್ಥ ಹಾಕಲೇ ಎಂದು ಕೇಳಿದಾಗ ಹಾಡಿದಾಕೆ, “ಅದು ನಮ್ಮವರಿಗೆ ಹಾಡಿದ್ದರಿ ಅಣ್ಣಾರ, ಹಂಗ ಬಿಡ್ರಿ” ಎಂದರು. ಹಾಗೆಯೇ ಬಿಟ್ಟೆವು. ಅರ್ಥವಾಗದ ನೋಡುಗರು ಆ ಕೆಲವು ನಿಮಿಷ ಅವರ ಮುಖವನ್ನು ಹೆಚ್ಚು ಗಮನಿಸುವುದನ್ನು ಪ್ರದರ್ಶನಗಳಲ್ಲಿ ಕಂಡಿದ್ದೇನೆ.

ಮಾತಾಡುತ್ತೇವೆ, ಮುಖ ಮಾತ್ರ ಬೇಡ ಎಂದವರೂ ಇದ್ದರು. ಅವರ ಧ್ವನಿಯನ್ನು ಬೇರೆಯಾಗಿ ಮುದ್ರಿಸಿಕೊಂಡು, ದೃಶ್ಯದಲ್ಲಿ ಬೆರಳುಗಳನ್ನಷ್ಟೇ ಇಟ್ಟೆವು: ಹೆಬ್ಬೆರಳಿನ ಉಗುರು ತುಂಬಿನ ಬುಡಕ್ಕೆ ತಾಗುವುದು, ಒಂದು ಸಣ್ಣ ತಿರುವು, ಕಾಯಿ ಒಂದು ಕಡೆ, ತುಂಬು ಇನ್ನೊಂದು ಕಡೆ. ಧ್ವನಿ ಒಬ್ಬರದು, ಬೆರಳು ಇನ್ನೊಬ್ಬರದು ಆಗಬಹುದಾದ ಈ ರಚನೆಯನ್ನು ಪ್ರಯೋಗವೆಂದು ಮೆಚ್ಚಿದವರಿದ್ದಾರೆ. ಅದು ಹುಟ್ಟಿದ್ದು ಆ ಹೆಂಗಸರು ಹಾಕಿದ ಷರತ್ತಿನಿಂದ.

ಸಂಕಲನದ ಕರಡನ್ನು ತಾಂಡಾದ ಸಮುದಾಯ ಭವನದಲ್ಲಿ ತೋರಿಸಿದಾಗ, ಘಾಟಿಗೆ ಕೆಮ್ಮುವ ದೀರ್ಘ ದೃಶ್ಯವನ್ನು ತೆಗೆಯಬೇಕೆಂದು ಆ ಹೆಂಗಸರು ಪಟ್ಟು ಹಿಡಿದರು. “ಕೆಮ್ಮೂದನ್ನ ಎಲ್ಲಾರೂ ತೋರಸ್ತಾರ” ಎಂಬುದು ಅವರ ವಾದ. ಆ ದೃಶ್ಯ ಬೇಕೆಂಬುದು ನನ್ನ ವಾದವಾಗಿತ್ತು, ಏಕೆಂದರೆ ದುಡಿಮೆಯ ಕಷ್ಟವನ್ನು ಮುಚ್ಚಿಡಬಾರದು. ಕೊನೆಗೆ ಅವರೇ ದಾರಿ ತೋರಿದರು. ಕೆಮ್ಮಿನ ಸದ್ದನ್ನು ತೂಕದ ಜಗಳದ ದೃಶ್ಯದ ಕೆಳಗೆ ಸಣ್ಣದಾಗಿ ಸೇರಿಸಿದೆವು.