ಎರಡು ಲಕ್ಷ ಕೋಶಗಳ ಒಂದು ಹನಿ

ಮೊದಲ ತಪ್ಪು ಆಗಿದ್ದು ತತ್ತಿಯಲ್ಲೇ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಕೋಳಿಯ ಭ್ರೂಣ ಬೇಕಿತ್ತು. ಧಾರವಾಡದ ಒಂದು ಅಂಗಡಿಯಿಂದ ಒಂದು ಟ್ರೇ ತಂದು ಇನ್‌ಕ್ಯುಬೇಟರಿನಲ್ಲಿ ಇಟ್ಟೆ, ಐದನೇ ದಿನ ಒಡೆದು ನೋಡಿದರೆ ಬರೀ ಹಳದಿ. ತತ್ತಿಗೆಂದೇ ಫಾರಂನಲ್ಲಿ ಸಾಕುವ ಕೋಳಿಗಳ ಜೊತೆ ಹುಂಜ ಇರುವುದಿಲ್ಲ, ಮರಿ ಎಲ್ಲಿಂದ ಆಗಬೇಕು? ಪ್ರಾಣಿಶಾಸ್ತ್ರ ಓದುವವನಿಗೆ ಇಷ್ಟು ಹೊಳೆಯಬೇಕಿತ್ತು, ಅಲ್ವಾ? ಆಮೇಲೆ ಕಲಘಟಗಿ ರಸ್ತೆಯ ಒಂದು ಹಳ್ಳಿಯಲ್ಲಿ ಜವಾರಿ ಕೋಳಿ ಸಾಕಿದ ಅಕ್ಕನ ಮನೆಗೆ ಹೋಗಿ "ಹುಂಜ ಐತೇನ್ರಿ ಅಕ್ಕಾರ?" ಅಂತ ಕೇಳಿದೆ. "ಇಲ್ದ ಏನೋ ತಮ್ಮಾ, ನಸುಕಿನ್ಯಾಗ ನಿದ್ದಿ ಕೆಡಿಸೋದು ಯಾರು ಮತ್ತ" ಎಂದು ನಕ್ಕರು.

ಆ ತತ್ತಿಗಳನ್ನು ಸುಮಾರು 38 ಡಿಗ್ರಿಯಲ್ಲಿ ನಾಲ್ಕೂವರೆ ದಿನ ಇಟ್ಟರೆ ಭ್ರೂಣದ ಎರಡೂ ಪಕ್ಕ ರೆಕ್ಕೆ, ಕಾಲುಗಳ ಮೊಗ್ಗು ಕಾಣುತ್ತವೆ. ಒಳಗೆ ಎಲುಬು ಅನ್ನೋದು ಇನ್ನೂ ಇಲ್ಲ. ಮೇಲೆ ತೆಳು ಚರ್ಮ, ಒಳಗೆ ನೋಡಲು ಒಂದೇ ಥರದ ಕೋಶಗಳು. ಇವುಗಳಲ್ಲಿ ಕೆಲವು ಮೃದ್ವಸ್ಥಿ ಆಗುತ್ತವೆ, ಅಂದರೆ ನಮ್ಮ ಕಿವಿ ಹಿಂಡಿದಾಗ ಕೈಗೆ ಸಿಗುತ್ತಲ್ಲ, ಆ ಥರದ್ದು. ಮುಂದೆ ಅದರ ಜಾಗಕ್ಕೇ ಎಲುಬು ಬರುತ್ತದೆ. ಯಾವ ಕೋಶ ಮೃದ್ವಸ್ಥಿ ಆಗಬೇಕು, ಯಾವುದು ಆಗಬಾರದು ಅಂತ ಹೇಳುವವರು ಯಾರು? ನನಗೆ ಬೇಕಿದ್ದದ್ದು ಇಷ್ಟೇ.

ನಾನು ಹಿಡಿದದ್ದು ಮೈಕ್ರೋಮಾಸ್ ವಿಧಾನ. ಅಹ್ರೆನ್ಸ್, ಸೋಲರ್ಶ್ ಮತ್ತು ರೈಟರ್ 1977ರಲ್ಲಿ ಕೊಟ್ಟದ್ದು, ಇವತ್ತಿಗೂ ನಡೆಯುತ್ತದೆ. ಮೊಗ್ಗುಗಳನ್ನು ಕತ್ತರಿಸಿ, ಟ್ರಿಪ್ಸಿನ್ ಅನ್ನೋ ಕಿಣ್ವ ಹಾಕಿ ಕೋಶ ಬಿಡಿಸಿ, ಸೋಸಿ, ಎಣಿಸಿ, ಮಿಲಿಲೀಟರಿಗೆ 2 ಕೋಟಿ ಕೋಶ ಬರುವ ಹಾಗೆ ಗಟ್ಟಿ ಮಾಡಬೇಕು. ಅದರಲ್ಲಿ 10 ಮೈಕ್ರೋಲೀಟರಿನ ಒಂದು ಹನಿ ಇಟ್ಟರೆ 2 ಲಕ್ಷ ಕೋಶ ಆಯಿತು. ಹನಿ ತಟ್ಟೆಗೆ ಅಂಟಿಕೊಳ್ಳಲು ಒಂದು ತಾಸು ಬಿಟ್ಟು ಆಮೇಲೆ ಮೀಡಿಯಂ, ಅಂದರೆ ಕೋಶಗಳನ್ನು ಸಾಕುವ ದ್ರವ, ಸುರಿಯಬೇಕು. ನಾನು ಹತ್ತೇ ನಿಮಿಷಕ್ಕೆ ಸುರಿದೆ. ಕೋಶಗಳೆಲ್ಲ ತಟ್ಟೆ ತುಂಬಾ ಚದುರಿ, ಉದ್ದುದ್ದ ಚಾಚಿಕೊಂಡು, ನಾಲ್ಕು ದಿನವಾದರೂ ಮೃದ್ವಸ್ಥಿಯ ಸುಳಿವೇ ಇಲ್ಲ. ಸಂಜೆಯ ಚಿಗರಿ ಬಸ್ಸಿನಲ್ಲಿ ನಿಂತ ಹಾಗೆ ಮೈಗೆ ಮೈ ತಾಗಿದರೇನೇ ಈ ಕೋಶಗಳು ಕೆಲಸ ಶುರು ಮಾಡುವುದು. ಒತ್ತಾದ ಗುಂಪಿನಲ್ಲಿ ಸಾಕ್ಸ್9 ಅನ್ನೋ ಜೀನ್ ಜೋರಾಗುತ್ತದೆ, ಅದರ ಹಿಂದೆ ಮೃದ್ವಸ್ಥಿಯ ಮುಖ್ಯ ಪ್ರೋಟೀನಾದ ಎರಡನೇ ಬಗೆಯ ಕೊಲಾಜೆನ್ ಬರುತ್ತದೆ. ಮುಂದಿನ ಸಲದಿಂದ ಆ ಒಂದು ತಾಸು ನಾನು ಲ್ಯಾಬಿನಲ್ಲಿ ಇರುತ್ತಲೇ ಇರಲಿಲ್ಲ, ಚಹಾಕ್ಕೆ ಹೋಗುತ್ತಿದ್ದೆ. ಇದ್ದರೆ ಕೈ ಸುಮ್ನಿರಲ್ಲ.

ಈ ಸಲ ಮೃದ್ವಸ್ಥಿಯನ್ನು ನೀಲಿ ಮಾಡಿ ತೋರಿಸುವ ಆಲ್ಷಿಯನ್ ಬ್ಲೂ ಬಣ್ಣ ಹಾಕಿದಾಗ ನೀಲಿ ಚುಕ್ಕೆಗಳು ಬಂದವು. (ಅಂಗಿಗೆ ತಾಗಿದರೆ ಹೋಗಲ್ಲ, ಹೇಳಿರುತ್ತೇನೆ.) ಆದರೆ ಕೆಲವು ಹನಿಗಳಲ್ಲಿ ಅಲ್ಲಲ್ಲಿ ಬಿಳಿ ಜಾಗ, ನಡುವೆ ಒಂದು ಸಣ್ಣ ಚೂರು. ಕೊಳೆ ಅಂದುಕೊಂಡೆ. ನೋಡಿದರೆ ಸರಿಯಾಗಿ ಸೋಸದೆ ಉಳಿದ ಚರ್ಮ! ಮೊಗ್ಗಿನ ಚರ್ಮ ವಿಂಟ್ ಅನ್ನೋ ಸಿಗ್ನಲ್ ಕಳಿಸುತ್ತದೆ, ಅದೇ ಚರ್ಮ ಮೊಗ್ಗಿನ ತುದಿಯಲ್ಲಿ ದಪ್ಪಗಾದ ಏಣಿನಿಂದ ಎಫ್‌ಜಿಎಫ್ ಅನ್ನೋ ಇನ್ನೊಂದು ಸಿಗ್ನಲ್ ಬರುತ್ತದೆ, ಇವೆರಡೂ ಸೇರಿ ಹತ್ತಿರದ ಕೋಶಗಳನ್ನು ಮೃದ್ವಸ್ಥಿ ಆಗದ ಹಾಗೆ ತಡೆಯುತ್ತವೆ. ದೂರದಲ್ಲಿ, ನಟ್ಟನಡುವೆ ಇರುವವಕ್ಕೆ ಆ ತಡೆ ಮುಟ್ಟುವುದಿಲ್ಲ. ಕೈಯಲ್ಲಿ ಎಲುಬು ಚರ್ಮದ ಕೆಳಗೇ ಅಂಟಿಕೊಳ್ಳದೆ ನಡುವೆ ಇರುವುದಕ್ಕೆ ಇದೂ ಒಂದು ಕಾರಣ. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ, ತಲೆಗೆ ಹತ್ತಿದ್ದು ಮಾತ್ರ ಆ ಹೊಲಸು ತಟ್ಟೆಯಿಂದ.

ಕೊನೆಗೆ ಸೀನಿಯರ್ ಒಬ್ಬರು ತಮ್ಮ ಟ್ಯೂಬಿನಲ್ಲಿ ಉಳಿದಿದ್ದ ಸ್ವಲ್ಪ ನಾಗಿನ್ ಕೊಟ್ಟರು. ಹಾವಲ್ಲ, ಪ್ರೋಟೀನು. ಮೃದ್ವಸ್ಥಿ ಆಗಲು ಕೋಶಗಳು ತಾವೇ ಮಾಡುವ ಬಿಎಂಪಿ ಅನ್ನೋ ಸಿಗ್ನಲನ್ನು ಇದು ದಾರಿಯಲ್ಲೇ ಹಿಡಿದುಬಿಡುತ್ತದೆ. ಜಾಸ್ತಿ ಇರಲಿಲ್ಲ, ಮೂರು ಹನಿಗೆ ಮೊದಲ ದಿನವೇ ಹಾಕಿದೆ, ಮೂರನ್ನು ಹಾಗೇ ಬಿಟ್ಟೆ. ನಾಲ್ಕನೇ ದಿನ ಹಾಗೇ ಬಿಟ್ಟವು ತುಂಬಾ ನೀಲಿ. ನಾಗಿನ್ ಹಾಕಿದವುಗಳಲ್ಲಿ ಹುಡುಕಿದರೂ ಚುಕ್ಕೆ ಇಲ್ಲ. ಕೋಶ ಸತ್ತಿರಬೇಕು ಅಂತ ಬಣ್ಣ ಹಾಕುವ ಮೊದಲೇ ಗಾಬರಿಯಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಎಲ್ಲ ಬದುಕಿದ್ದವು, ಲಕ್ಷಗಟ್ಟಲೆ, ಮೈಗೆ ಮೈ ತಾಗಿಸಿಕೊಂಡೇ. ಒತ್ತಾಗಿ ಕೂರಿಸಿದರೆ ಸಾಕು ಅಂತ ಪ್ರಾಜೆಕ್ಟ್ ವರದಿಯಲ್ಲಿ ಆಗಲೇ ಬರೆದಿದ್ದೆ, ಆ ಪುಟ ಹರಿದು ಮತ್ತೆ ಬರೆದೆ.