ಹೊಳ್ಯಾಗ ತೇಲಿ ಹೋದ ಎಮ್ಮಿಗೂ ಪರಿಹಾರ ತಗೊಂಡೆ – ನನ್ನ ಅನುಭವ

"ಹೆಣ ಸಿಗಲಿಲ್ಲ ಅಂದ್ರ ಒಂದ್ ರೂಪಾಯಿನೂ ಬರಂಗಿಲ್ಲ, ಸುಮ್ನ ಯಾಕ ಅಡ್ಡಾಡ್ತಿ" ಅಂತ ಊರಾಗ ಎಲ್ಲಾರೂ ಅಂದ್ರು, ನಮ್ ಕಾಕಾನೂ ಅಂದ. ಬಂತ್ರೀ, 2024ರ ಮಹಾಪೂರದ ಸರ್ಕಾರಿ ಪರಿಹಾರ. ಒಂದು ಎಮ್ಮಿ 37,500, ಒಂದು ಮಣಕ (ಇನ್ನೂ ಈಯದ ಎಮ್ಮಿಗರು) 20 ಸಾವಿರ, 8 ಆಡಿಗೆ ತಲಿಗೆ 4 ಸಾವಿರದಂಗ 32 ಸಾವಿರ. ಒಟ್ಟು 89,500.

2019ರ ಆಗಸ್ಟ್ ಮಹಾಪೂರದಾಗ ಘಟಪ್ರಭಾ ಉಕ್ಕಿ ಬಂದಾಗ ನನ್ನ ಎರಡು ಎಮ್ಮಿ ಗೂಟಕ್ಕ ಕಟ್ಟಿದಲ್ಲೇ ಸತ್ತಿದ್ವು. ನೀರು ಇಳಿದ್ ಮ್ಯಾಲ ನಾರಾಕತ್ವು, ಮನ್ಯಾಗ ಸಣ್ಣ ಹುಡುಗ್ರು, ದನದ ಡಾಕ್ಟ್ರು ಬರೂದ್ರೊಳಗ ಜೆಸಿಬಿ ತರಿಸಿ ಹುಗಿದುಬಿಟ್ಟೆ, ಅದಕ್ಕ ಮೂರು ಸಾವಿರ ಖರ್ಚು ಬ್ಯಾರೆ. ಪೋಸ್ಟ್‌ಮಾರ್ಟಮ್ ಇಲ್ಲ, ಪಂಚನಾಮಿ ಇಲ್ಲ, ಒಂದು ಫೋಟೋನೂ ಇಲ್ಲ. ಆಗಿನ ರೇಟು ಎಮ್ಮಿಗೆ 30 ಸಾವಿರ, ಅಂದ್ರ 60 ಸಾವಿರ ಮಣ್ಣಾಗ ಹೋತು. ಆ ಸಂಕಟ ಇನ್ನೂ ಮರ್ತಿಲ್ಲ.

ಅದಾದ ಮ್ಯಾಲ ಎಲ್ಲಾ ಎಮ್ಮಿಗೂ ಕಿವಿ ಓಲೆ (ನಂಬರ್ ಇರೂ ಟ್ಯಾಗ್) ಹಾಕಿಸಿ, 12 ಅಂಕಿ ನಂಬರ್ ನನ್ನ ಹೆಸರಿಗೇ ಐತೋ ಇಲ್ಲೋ ನೋಡ್ಕೊಂಡೆ, ಯಾಕಂದ್ರ ಒಂದು ತೀರಿಹೋದ ಅಪ್ಪನ ಹೆಸರಿನ್ಯಾಗ ಇತ್ತು. ಅಮಾಸಿ ಅಮಾಸಿಗೆ ಓಲೆ ಕಾಣೂವಂಗ ಜಿಪಿಎಸ್ ಕ್ಯಾಮೆರಾದಾಗ (ಜಾಗ, ತಾರೀಖು ಫೋಟೋ ಮ್ಯಾಲೇ ಬರ್ತಾವ) ಫೋಟೋ ತೆಗೀತಿದ್ದೆ. ಹಾಲು ಹಾಕಿದ್ದಕ್ಕ ಕೊಡೂ ಡೇರಿ ಚೀಟಿ ಒಂದೂ ಒಗೀಲಿಲ್ಲ. ಆಡಿನ ಕೊಂಬಿಗೆ ಪೇಂಟ್‌ಲೆ ನಂಬರ್ ಬರ್ದು ನೋಡಿದೆ, ಎರಡು ಮಳಿಗೆ ಅಳಿಸಿ ಹೋತು. ಗೂಟದ ಹಗ್ಗಕ್ಕ ಒಂದೇ ಜಗ್ಗಿಗೆ ಬಿಚ್ಚೂವಂಥ ಗಂಟು ಹಾಕೂದು ಮಾತ್ರ ಭಾಳ ಉಪಯೋಗ ಆತು.

2024ರ ಜುಲೈನ್ಯಾಗ ಘಟಪ್ರಭಾಕ್ಕ ಕಟ್ಟಿದ ಹಿಡಕಲ್ ಡ್ಯಾಮಿನ ನೀರು ಬಿಟ್ರು, ರಾತ್ರಿ ಕೊಟ್ಟಿಗ್ಯಾಗ ಎದಿಮಟ ನೀರು. ಗಂಟು ಜಗ್ಗಿ ಬಿಟ್ಟೆ, ಮೂರು ಎಮ್ಮಿ ಈಜಿ ದಂಡಿಗೆ ಬಂದ್ವು. ಗಬ್ಬಿದ್ದ ಎಮ್ಮಿ, ಮಣಕ, 11 ಆಡು ಹೋದ್ವು. ಈ ಸಲ ನೀರು ಇಳಿಯೂ ದಾರಿ ಕಾಯಲಿಲ್ಲ, ಮುಂಜಾನೆನೇ ತಲಾಟಿಗೆ (ಊರಿನ ಕಂದಾಯ ಅಧಿಕಾರಿಗೆ) ಬರ್ದು ಕೊಟ್ಟು ಸ್ವೀಕೃತಿ ತಗೊಂಡೆ, ಐದು ಮಂದಿ ಸಹಿ ಹಾಕಿಸಿ ಮಹಜರ್ ಮಾಡಿಸಿದೆ. 8 ಆಡಿನ ಹೆಣ ಕಬ್ಬಿನ್ಯಾಗ ಸಿಕ್ಕಿದ್ವು, ಡಾಕ್ಟ್ರು ಬರೂತನಕ ಮುಟ್ಟಲಿಲ್ಲ. ಉಳಿದ ಮೂರಕ್ಕ ಓಲೇನೂ ಇಲ್ಲ ಹೆಣಾನೂ ಇಲ್ಲ, ತೆಗೆದು ಹಾಕಿದ್ರು. ಎಮ್ಮಿ, ಮಣಕ ಸಿಗಲೇ ಇಲ್ಲ, ಆದ್ರ ಓಲೆ ನಂಬರು, ಅಮಾಸಿ ಫೋಟೋ ಇದ್ವು, ಎಮ್ಮಿಗಂತೂ ಹಿಂದಿನ ದಿನದ ಡೇರಿ ಚೀಟಿನೂ ಇತ್ತು. ಆಫೀಸಿನ್ಯಾಗ ಮೂರು ಸಲ ವಾಪಸ್ ಕಳಿಸಿದ್ರು, ನಾಲ್ಕನೇ ಸಲ ಒಪ್ಕೊಂಡ್ರು. ಆ ನಾಲ್ಕನೇ ಅರ್ಜಿನ್ಯಾಗ ಏನು ಬರ್ದಿದ್ದೆ ಅನ್ನೂದು ಇಲ್ಲಿ ಬ್ಯಾಡ, ಎದುರಿಗೆ ಸಿಕ್ರ ಹೇಳ್ತೀನಿ.

ಕೋಳಿದೂ ಒಂದು ಕೈ ನೋಡಿದೆ. ಆಗ ಒಂದಕ್ಕ 100 ರೂಪಾಯಿ, ಮನಿಗೆ 10 ಸಾವಿರದ ಮಟ ಇತ್ತು. ನನ್ನ ಅರವತ್ತು ಕೋಳಿಗೆ ದಾಖಲೆನೇ ಇಲ್ಲ, ಏನೂ ಬರಲಿಲ್ಲ. ಬಾಜೂ ಮನಿಯವ್ರದು ಐದು ಎಮ್ಮಿ ಹೋಗಿದ್ವು, ಬಂದಿದ್ದು ಮೂರಕ್ಕಷ್ಟ, ಹಾಲಿನ ದೊಡ್ಡ ದನಕ್ಕ ಆಗ ಮನಿಗೆ ಮೂರೇ ಲಿಮಿಟ್ ಇತ್ತು.

ಮಂಜೂರ್ ಆದ ಮ್ಯಾಲೂ ಒಂದು ತಿಂಗಳು ರೊಕ್ಕ ಕಾಣಲಿಲ್ಲ. ಸಿಮ್ ತಗೊಳ್ಳುವಾಗ ನನಗ ಗೊತ್ತಿಲ್ಲದಂಗ ಒಂದು ಖಾತೆ ತೆರೆದಿದ್ರು, ಆಧಾರ್ ಅದಕ್ಕೇ ಲಿಂಕ್ ಆಗಿತ್ತು, ರೊಕ್ಕ ಅಲ್ಲೇ ಬಿದ್ದಿತ್ತು. ಅರ್ಜಿ ಕೊಡೂಕಿಂತ ಮೊದ್ಲ ಡಿಬಿಟಿ (ಸರ್ಕಾರದ ರೊಕ್ಕ ನೇರ ಖಾತೆಗೆ ಬೀಳೂದು) ಯಾವ ಖಾತೆಗೆ ಐತಿ ಅಂತ ಬ್ಯಾಂಕಿನ್ಯಾಗ ಕೇಳ್ಕೋರಿ.

ಓಡಾಟ, ಝೆರಾಕ್ಸ್ ಎಲ್ಲಾ ಸೇರಿ ನಾಲ್ಕೂವರೆ ಸಾವಿರ ಹೋಗಿರಬೇಕು. ಬಂದ ರೊಕ್ಕಕ್ಕ ಇನ್ನಷ್ಟು ಕೂಡಿಸಿ ಒಂದು ಮುರ್ರಾ ಎಮ್ಮಿ ತಂದೀನಿ, ತಂದ ದಿನಾನೇ ಓಲೆ ನನ್ನ ಹೆಸರಿಗೆ ಮಾಡ್ಸಿದೆ.