ಹದ್ದು ಬದುಕಿದರೆ ಸಾಲದು, ಬೇಟೆಯಾಡಬೇಕು

ಗಾಯಗೊಂಡ ಬೇಟೆ ಹಕ್ಕಿಗಳನ್ನು ಆರೈಕೆ ಮಾಡಿ ಮತ್ತೆ ಹೊರಗೆ ಬಿಡುವುದು ನನ್ನ ಕೆಲಸ. ಹದ್ದು, ಗಿಡುಗ, ಡೇಗೆ, ಗೂಬೆ, ಅಪರೂಪಕ್ಕೊಂದು ರಣಹದ್ದು. "ಎಷ್ಟು ಹಕ್ಕಿ ಬದುಕಿದವು?" ಅಂತ ಜನ ಕೇಳುತ್ತಾರೆ. ನನ್ನ ಲೆಕ್ಕ ಬೇರೆ. ಕೊಟ್ಟ ಮಾಂಸ ತಿಂದುಕೊಂಡು ಗೂಡಿನಲ್ಲಿ ಕೂತ ಹದ್ದನ್ನು ನಾನು ಬದುಕಿದ ಪಟ್ಟಿಗೆ ಸೇರಿಸುವುದಿಲ್ಲ. ಕಾಳು ತಿನ್ನುವ ಹಕ್ಕಿ ರೆಕ್ಕೆ ಸ್ವಲ್ಪ ಸೊಟ್ಟಗಿದ್ದರೂ ಹೇಗೋ ಹೊಟ್ಟೆ ಹೊರೆದುಕೊಳ್ಳುತ್ತದೆ. ಡೇಗೆಗೆ ಆ ಅನುಕೂಲ ಇಲ್ಲ. ಅದರ ಊಟಕ್ಕೂ ರೆಕ್ಕೆಯೇ ಬೇಕು, ಜೀವ ಉಳಿಸಿಕೊಳ್ಳಲೂ ರೆಕ್ಕೆಯೇ ಬೇಕು. ಯಾವ ಗಾಯವೂ ಇಲ್ಲದ ಮರಿಗಳಲ್ಲೇ ಬಹಳಷ್ಟು ಮೊದಲ ವರ್ಷ ದಾಟುವುದಿಲ್ಲ. ಇನ್ನು ಅರ್ಧಂಬರ್ಧ ವಾಸಿಯಾದ ಹಕ್ಕಿಯ ಗತಿ ಏನು? ಹಾಗಾಗಿ ಹಕ್ಕಿ ಬಂದ ದಿನದಿಂದಲೇ ಬಿಡುಗಡೆಯ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಶುರು ಮಾಡುತ್ತೇನೆ.

ಮೊದಲೇ ಒಂದು ಮಾತು. ಅನುಮತಿ ಇಲ್ಲದೆ ಬೇಟೆ ಹಕ್ಕಿಯನ್ನು ಇಟ್ಟುಕೊಳ್ಳುವುದು ಹೆಚ್ಚಿನ ದೇಶಗಳಲ್ಲಿ ಅಪರಾಧ. ನಾನು ಪರವಾನಗಿ ಪಡೆದು, ಹಕ್ಕಿಗಳ ಬಗ್ಗೆ ತಿಳಿದ ಪಶುವೈದ್ಯರ ಜೊತೆ ಕೆಲಸ ಮಾಡುತ್ತೇನೆ. ಮೂಳೆ ಕೂಡಿಸುವುದು, ಔಷಧಿ ಕೊಡುವುದು ಅವರ ಪಾಲು. ಉಳಿದ ಚಾಕರಿ ನನ್ನದು.

ಎಲ್ಲರೂ ಕೊಕ್ಕಿಗೆ ಹೆದರುತ್ತಾರೆ. ಹೆದರಬೇಕಾದದ್ದು ಕಾಲಿಗೆ. ಹಕ್ಕಿ ಉಗುರು ಊರಿತು ಅಂದರೆ ನಾವು ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಅದರ ಕಾಲು ಮಡಚಿದ್ದಾಗ ಬೆರಳಿನ ಸ್ನಾಯುರಜ್ಜುಗಳು ತಾವಾಗಿಯೇ ಬಿಗಿಯುತ್ತವೆ. ಆಗ ಮಾಡಬೇಕಾದದ್ದು ಒಂದೇ: ಕಾಲನ್ನು ಮೆಲ್ಲಗೆ ನೇರ ಮಾಡುವುದು. ಬೆರಳು ಸಡಿಲವಾಗುತ್ತವೆ. ಹೇಳುವುದು ಸುಲಭ, ನಿಮ್ಮ ಅಂಗೈಯಲ್ಲಿ ನಾಲ್ಕು ಉಗುರು ಇಳಿದಿರುವಾಗ ನೆನಪಾಗಬೇಕಲ್ಲ!

ಹಿಡಿಯುವಾಗ ದಪ್ಪ ಟವೆಲ್ ಮೇಲೆ ಹಾಕಿ, ಹಿಂದಿನಿಂದ ರೆಕ್ಕೆ ಸಮೇತ ಒತ್ತಿಕೊಂಡು, ಎರಡೂ ಕಾಲನ್ನು ಒಂದೇ ಕೈಯಲ್ಲಿ ಹಿಡಿಯುತ್ತೇನೆ. ಕಾಲುಗಳ ನಡುವೆ ನನ್ನ ಒಂದು ಬೆರಳು ಇರುತ್ತದೆ, ಇಲ್ಲದಿದ್ದರೆ ಅದು ತನ್ನ ಕಾಲನ್ನೇ ಪರಚಿಕೊಳ್ಳುತ್ತದೆ. ತಲೆ ಮುಚ್ಚಿದರೆ ಅರ್ಧ ಗಲಾಟೆ ನಿಲ್ಲುತ್ತದೆ. ಕತ್ತಲಲ್ಲಿ ಬೇಟೆ ಹಕ್ಕಿ ಸುಮ್ಮನಾಗುತ್ತದೆ. ಅದಕ್ಕೇ ಗಾಳಿ ಆಡುವ ರಟ್ಟಿನ ಡಬ್ಬಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ತಂತಿ ಪಂಜರದಲ್ಲಿ ತರಲೇಬೇಡಿ. ದಾರಿಯಲ್ಲೇ ಬಾಲದ ಗರಿಗಳೆಲ್ಲ ಮುರಿದು ಹೋಗುತ್ತವೆ. ಬಾಯಿ ಬಿಡಿಸಿ ನೀರು ಹೊಯ್ಯುವುದೂ ಬೇಡ. ಹಕ್ಕಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುತ್ತದೆ, ನೀರು ಸೀದಾ ಶ್ವಾಸಕ್ಕೆ ಹೋಗುತ್ತದೆ.

ಡಬ್ಬದಿಂದ ತೆಗೆದ ಕೂಡಲೇ ನನ್ನ ಬೆರಳು ಹೋಗುವುದು ಎದೆಮೂಳೆಗೆ. ಎರಡೂ ಪಕ್ಕ ಮಾಂಸ ತುಂಬಿದ್ದರೆ ಪೆಟ್ಟು ಹೊಸದು, ಇವತ್ತೋ ನಿನ್ನೆಯೋ ಆದದ್ದು. ಮೂಳೆ ಚಾಕುವಿನ ಅಂಚಿನ ಹಾಗೆ ಕೈಗೆ ಹತ್ತಿದರೆ ಈ ಹಕ್ಕಿ ಎಷ್ಟೋ ದಿನದಿಂದ ಬೇಟೆ ಆಡಿಲ್ಲ. ಕಣ್ಣಿಗೆ ಕಾಣುವ ಗಾಯಕ್ಕಿಂತ ಇದೇ ಜಾಸ್ತಿ ಹೇಳುತ್ತದೆ. ಇದೇ ಹೊತ್ತಿಗೆ ಗರಿಯೊಳಗಿಂದ ಚಪ್ಪಟೆ ನೊಣಗಳು ಹೊರಡುತ್ತವೆ. ಅಡ್ಡಡ್ಡ ಓಡುತ್ತವೆ, ಹಿಸುಕಿದರೂ ಸಾಯುವುದಿಲ್ಲ, ಹಕ್ಕಿಯನ್ನು ಬಿಟ್ಟು ನೇರ ನಮ್ಮ ತಲೆಗೂದಲಿಗೆ ಬರುತ್ತವೆ. ಇಷ್ಟು ವರ್ಷವಾದರೂ ನನಗೆ ಅದು ಅಭ್ಯಾಸವಾಗಿಲ್ಲ.

ಸೊರಗಿದ ಹಕ್ಕಿಗೆ ತಕ್ಷಣ ಇಡೀ ಇಲಿ ಕೊಟ್ಟರೆ ಸಾಯಬಹುದು. ಬಹಳ ದಿನ ಖಾಲಿ ಇದ್ದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ಲವಣಗಳು ಏರುಪೇರಾಗುತ್ತವೆ. ಮೊದಲು ಬೆಚ್ಚಗಿನ ಜಾಗ, ಆಮೇಲೆ ವೈದ್ಯರು ಹೇಳಿದಷ್ಟು ದ್ರವ, ಆಮೇಲೆ ಚರ್ಮವೂ ಮೂಳೆಯೂ ಇಲ್ಲದ ಮಾಂಸದ ಸಣ್ಣ ಚೂರು. ಹಿಕ್ಕೆ ಸರಿಯಾಗಿ ಬೀಳತೊಡಗಿದ ಮೇಲೆಯೇ ರೋಮ, ಮೂಳೆ ಇರುವ ಪೂರ್ತಿ ಆಹಾರ. ಅಲ್ಲಿಂದ ಮುಂದೆ ಬರೀ ಮಾಂಸ ಸಾಲದು. ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಮ್ಮಿ. ಯಾರೋ ಪ್ರೀತಿಯಿಂದ ಮಾಂಸದ ಚೂರಷ್ಟೇ ಹಾಕಿ ಸಾಕಿದ ಮರಿಗಳು ನನ್ನ ಬಳಿ ಬರುತ್ತವೆ. ಕಾಲು ಬಿಲ್ಲಿನಂತೆ ಬಾಗಿರುತ್ತದೆ, ರೆಕ್ಕೆ ಮೂಳೆ ಮುಟ್ಟಿದರೆ ಮುರಿಯುತ್ತದೆ. ಅಂಥದ್ದನ್ನು ಸರಿಮಾಡುವುದು ಬಹಳ ಸಲ ಆಗದ ಮಾತು.

ತಿಂದ ಮೇಲೆ ರೋಮ, ಗರಿಯೆಲ್ಲ ಉಂಡೆಯಾಗಿ ಬಾಯಿಂದ ಹೊರಗೆ ಬೀಳಬೇಕು. ಗೂಬೆಯ ಉಂಡೆ ಬಿಡಿಸಿದರೆ ಇಲಿಯ ತಲೆಬುರುಡೆ ಸಮೇತ ಮೂಳೆಗಳು ಸಿಗುತ್ತವೆ. ಹದ್ದು, ಗಿಡುಗಗಳು ಮೂಳೆಯನ್ನೂ ಹೆಚ್ಚುಕಮ್ಮಿ ಕರಗಿಸಿಬಿಡುತ್ತವೆ. ಬೆಳಿಗ್ಗೆ ಗೂಡಿನ ನೆಲದಲ್ಲಿ ಉಂಡೆ ಹುಡುಕುವುದು ನನ್ನ ಮೊದಲ ಕೆಲಸ. ಉಂಡೆ ಬಿದ್ದಿಲ್ಲ ಅಂದರೆ ಮುಂದಿನ ಊಟ ಇಲ್ಲ. ಇನ್ನೊಂದು ವಿಷಯ, ಪಾರಿವಾಳವನ್ನು ಹಸಿಯಾಗಿ ಕೊಡುವುದಿಲ್ಲ. ಅವುಗಳ ಗಂಟಲಲ್ಲಿರುವ ಒಂದು ಪರಾವಲಂಬಿ ಜೀವಿಯಿಂದ ಬೇಟೆ ಹಕ್ಕಿಯ ಬಾಯೊಳಗೆ ಹಳದಿ ಗಡ್ಡೆ ಕಟ್ಟುತ್ತದೆ, ನುಂಗಲಾಗದೆ ಹಕ್ಕಿ ಸೊರಗುತ್ತದೆ.

ಮರಿಗಳ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ. ನೆಲದ ಮೇಲೆ ಕೂತ ಗೂಬೆ ಮರಿ ಅನಾಥ ಅಂತ ಎತ್ತಿಕೊಂಡು ಬರುತ್ತಾರೆ. ಹಾರಲು ಬರುವ ಮೊದಲೇ ಗೂಡಿನಿಂದ ಇಳಿದು ಕೊಂಬೆ ಕೊಂಬೆ ಓಡಾಡುವುದು ಅನೇಕ ಗೂಬೆ ಮರಿಗಳ ರೀತಿ. ತಂದೆ ತಾಯಿ ಹತ್ತಿರದಲ್ಲೇ ಇರುತ್ತವೆ. ಗಾಯ ಇಲ್ಲ ಅಂದರೆ ಅದೇ ಮರದ ಮೇಲೆ ಕೂರಿಸಿ ಬನ್ನಿ ಅಂತ ವಾಪಸ್ ಕಳಿಸುತ್ತೇನೆ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು.

ಸಾಕಲೇಬೇಕಾಗಿ ಬಂದರೆ ನನ್ನ ಮುಖ ಅದಕ್ಕೆ ಕಾಣಬಾರದು, ದನಿ ಕೇಳಬಾರದು. ಊಟ ಕೊಡುವವನನ್ನೇ ತನ್ನ ಜಾತಿ ಅಂತ ಮರಿ ನಂಬಿಬಿಡುತ್ತದೆ. ಒಮ್ಮೆ ಹಾಗೆ ಅಚ್ಚೊತ್ತಿದರೆ ಬಿಡಿಸುವುದು ಬಹಳ ಕಷ್ಟ. ದೊಡ್ಡದಾದ ಮೇಲೆ ಅದು ಜನರ ಹೆಗಲ ಮೇಲೆ ಬಂದು ಕೂರುತ್ತದೆ, ಅವರಿಗೆ ಗಾಯವಾಗುತ್ತದೆ, ಯಾರೋ ದೊಣ್ಣೆ ಎತ್ತುತ್ತಾರೆ. ಅಮೆರಿಕದ ದೊಡ್ಡ ರಣಹದ್ದುಗಳಾದ ಕ್ಯಾಲಿಫೋರ್ನಿಯಾ ಕಾಂಡೋರ್‌ಗಳನ್ನು ಉಳಿಸಿದವರು ಮರಿಗಳಿಗೆ ಕಾಂಡೋರ್ ತಲೆಯ ಕೈಗೊಂಬೆಯಿಂದ ಊಟ ಕೊಟ್ಟದ್ದು ಇದೇ ಕಾರಣಕ್ಕೆ. 1982ರಲ್ಲಿ ಆ ಹಕ್ಕಿಗಳು ಭೂಮಿ ಮೇಲೆ ಉಳಿದಿದ್ದದ್ದು 22. ಅಲ್ಲಿ ಒಂದೊಂದು ಮರಿಗೂ ಮನುಷ್ಯರ ಹೆದರಿಕೆ ಉಳಿಯುವುದು ಲೆಕ್ಕಕ್ಕಿತ್ತು. ನನ್ನ ಮಟ್ಟದಲ್ಲಿ ಅದೇ ಜಾತಿಯ ದೊಡ್ಡ ಹಕ್ಕಿ ಪಕ್ಕದಲ್ಲಿದ್ದರೆ ಸಾಕು, ಮರಿ ಅದನ್ನೇ ನೋಡಿಕೊಂಡು ಬೆಳೆಯುತ್ತದೆ. ಹಾರಲಾಗದ ಒಂದು ಮುದಿ ಹೆಣ್ಣು ಹದ್ದು ನನ್ನಲ್ಲಿದೆ. ಯಾರ ಮರಿ ತಂದಿಟ್ಟರೂ ತುತ್ತು ಹರಿದು ಕೊಡುತ್ತದೆ. ನನ್ನನ್ನು ಕಂಡರೆ ಮಾತ್ರ ಇವತ್ತಿಗೂ ಆಗುವುದಿಲ್ಲ. ಅದೇ ಬೇಕು.

ಇನ್ನು ಗರಿ. ಮೂಳೆ ಕೂಡಿದರೂ ಗರಿ ಇಲ್ಲದೆ ಹೊರಗೆ ಬಿಡುವಂತಿಲ್ಲ. ಗಾಳಿಪಟದ ದಾರಕ್ಕೆ ಸಿಕ್ಕಿ ಬಂದ ಹದ್ದುಗಳಲ್ಲಿ ಗಾಯ ವಾಸಿಯಾಗಿರುತ್ತದೆ, ಆದರೆ ರೆಕ್ಕೆಯ ತುದಿಯ ಉದ್ದ ಗರಿಗಳು ಸಾಲಾಗಿ ಕತ್ತರಿಸಿ ಹೋಗಿರುತ್ತವೆ. ಹೊಸ ಗರಿ ಬರುವವರೆಗೆ ಕಾಯಬಹುದಲ್ವಾ ಅನ್ನಿಸುತ್ತದೆ. ಬರುತ್ತವೆ, ಆದರೆ ಒಂದೊಂದಾಗಿ. ಪೂರ್ತಿ ಬದಲಾಗಲು ಹದ್ದಿಗೆ ಒಂದು ವರ್ಷವೇ ಬೇಕಾಗಬಹುದು, ದೊಡ್ಡ ಜಾತಿಗಳಿಗೆ ಇನ್ನೂ ಜಾಸ್ತಿ. ಅಷ್ಟು ದಿನ ಗೂಡಿನಲ್ಲಿಟ್ಟರೆ ಪಾದದಡಿ ಹುಣ್ಣಾಗುತ್ತದೆ, ಮೈ ಸಡಿಲವಾಗುತ್ತದೆ. ಜೊತೆಗೆ ಬೆಳೆಯುತ್ತಿರುವ ಗರಿಯ ಕಾಂಡದಲ್ಲಿ ರಕ್ತ ಇರುತ್ತದೆ, ಮೆತ್ತಗಿರುತ್ತದೆ. ಅಕ್ಕಪಕ್ಕದ ಗಟ್ಟಿ ಗರಿಗಳು ಆಸರೆಯಾಗಿಲ್ಲ ಅಂದರೆ ಅದೂ ಮುರಿಯುತ್ತದೆ. ಹಳೆಯ ತುಂಡನ್ನು ಕಿತ್ತರೆ ಬೇಗ ಹೊಸದು ಬರುತ್ತದೆ ಅಂತ ಕೀಳುವವರಿದ್ದಾರೆ. ಬುಡಕ್ಕೆ ಪೆಟ್ಟಾದರೆ ಆ ಜಾಗದಲ್ಲಿ ಮತ್ತೆ ನೆಟ್ಟಗಿನ ಗರಿ ಬರುವುದೇ ಇಲ್ಲ.

ಅದಕ್ಕೆ ಇರುವುದು ಗರಿ ಕಸಿ. ಡೇಗೆ ಪಳಗಿಸುವವರು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸ. ಸತ್ತ ಹಕ್ಕಿಗಳ, ಉದುರಿದ ಗರಿಗಳನ್ನು ನಾನು ಬಿಸಾಡುವುದಿಲ್ಲ. ಜಾತಿ, ಗಂಡೋ ಹೆಣ್ಣೋ, ಎಡವೋ ಬಲವೋ, ಎಷ್ಟನೆಯ ಗರಿ, ಎಲ್ಲ ಬರೆದು ಲಕೋಟೆಗಳಲ್ಲಿ ಇಟ್ಟಿರುತ್ತೇನೆ. ಹೆಚ್ಚಿನ ಬೇಟೆ ಹಕ್ಕಿಗಳಲ್ಲಿ ಹೆಣ್ಣು ದೊಡ್ಡದು, ಗಂಡಿನ ಗರಿ ಹೆಣ್ಣಿಗೆ ಕೂಡುವುದಿಲ್ಲ. ಏಳನೆಯ ಗರಿಯ ಜಾಗಕ್ಕೆ ಏಳನೆಯದೇ ಬೇಕು. ಪ್ರತಿ ಗರಿಯ ಬಾಗು ಬೇರೆ.

ವೈದ್ಯರು ಹಕ್ಕಿಗೆ ಅರಿವಳಿಕೆ ಕೊಡುತ್ತಾರೆ. ಮುರಿದ ಗರಿಯನ್ನು ಚರ್ಮದಿಂದ ಸ್ವಲ್ಪ ಮೇಲೆ, ಕಾಂಡ ಟೊಳ್ಳಾಗಿರುವ ಕಡೆ ಅಡ್ಡಲಾಗಿ ಕತ್ತರಿಸುತ್ತೇನೆ. ಪೂರ್ತಿ ಬೆಳೆದ ಗರಿಗೆ ಜೀವ ಇಲ್ಲ, ನೋವಾಗುವುದಿಲ್ಲ. ಬಿದಿರಿನ ಕಡ್ಡಿಯನ್ನು ಹೆರೆದು ಹೆರೆದು ಆ ಟೊಳ್ಳಿಗೆ ಬಿಗಿಯಾಗಿ ಕೂರುವಂತೆ ಮಾಡುತ್ತೇನೆ. ತೀರಾ ಬಿಗಿಯಾದರೆ ಕಾಂಡ ಸೀಳುತ್ತದೆ. ಕಡ್ಡಿಯ ಒಂದು ತುದಿ ಹೊಸ ಗರಿಯೊಳಗೆ, ಇನ್ನೊಂದು ಹಕ್ಕಿಯ ಗರಿಯ ಬುಡಕ್ಕೆ. ಅಂಟು ಹಾಕುವ ಮೊದಲು ಒಣದಾಗಿ ಜೋಡಿಸಿ ರೆಕ್ಕೆ ಬಿಚ್ಚಿ ಮಡಚಿ ನೋಡಬೇಕು. ಗರಿ ಕೂದಲೆಳೆಯಷ್ಟು ತಿರುಗಿದ್ದರೂ ಮಡಚುವಾಗ ಪಕ್ಕದ ಗರಿಯ ಮೇಲೆ ಹತ್ತಿ ಕೂರುತ್ತದೆ. ಸರಿ ಅನ್ನಿಸಿದರೆ ಕೆಳಗೊಂದು ರಟ್ಟಿನ ಚೂರು ಇಟ್ಟು ಅಂಟು. ಒಂದು ಹನಿ ಆಚೀಚೆ ಬಿದ್ದರೆ ಒಳ್ಳೆಯ ಗರಿ ಹಾಳು. ಅಂಟು ಒಣಗುವವರೆಗೆ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಮುಂದೆ ಗರಿ ಉದುರುವ ಕಾಲ ಬಂದಾಗ ಕಸಿ ಮಾಡಿದ್ದು ಬುಡ ಸಮೇತ ಬಿದ್ದುಹೋಗಿ ಅಲ್ಲಿ ಸ್ವಂತದ್ದು ಬರುತ್ತದೆ.

ಹಾರಾಟದ ಪರೀಕ್ಷೆ ಬಯಲಿನಲ್ಲಿ, ಕಾಲಿಗೆ ಹಗುರವಾದ ಉದ್ದ ದಾರ ಕಟ್ಟಿ. ನಾನು ನೋಡುವುದು ದೂರವನ್ನಲ್ಲ, ಇಳಿದ ಮೇಲಿನ ಉಸಿರನ್ನು. ಬಾಯಿ ತೆರೆದುಕೊಂಡು ಏದುತ್ತಿದ್ದರೆ ಇನ್ನೂ ಸಮಯ ಬೇಕು. ಗೂಬೆಯಾದರೆ ಕಣ್ಣು ಮುಚ್ಚಿ ನಿಲ್ಲುತ್ತೇನೆ. ರೆಕ್ಕೆಯ ಸದ್ದು ಕೇಳಿಸಿತು ಅಂದರೆ ಇಲಿಗೂ ಕೇಳಿಸುತ್ತದೆ. ದೊಡ್ಡ ಹಕ್ಕಿಯನ್ನು ಸಿಕ್ಕಿದ ಜಾಗದ ಹತ್ತಿರವೇ ಬಿಡುತ್ತೇನೆ. ಹಗಲಿನ ಹಕ್ಕಿಯನ್ನು ಬೆಳಿಗ್ಗೆ, ಗೂಬೆಯನ್ನು ಮುಸ್ಸಂಜೆ. ಬೇಟೆ ಕಲಿಯದ ಎಳೆಯ ಹಕ್ಕಿಗೆ ಎತ್ತರದಲ್ಲಿ ಪೆಟ್ಟಿಗೆ ಇಟ್ಟು, ಬಾಗಿಲು ತೆರೆದು, ಅದು ಬರುವುದು ನಿಲ್ಲಿಸುವವರೆಗೂ ಅಲ್ಲೇ ಊಟ ಇಡಬೇಕು. ಅಮೆರಿಕದಲ್ಲಿ 1970ರ ದಶಕದಿಂದ ಸಾವಿರಾರು ಪೆರಿಗ್ರಿನ್ ಡೇಗೆಗಳನ್ನು ಮುಖ್ಯವಾಗಿ ಹೀಗೇ ಬಿಟ್ಟರು. ಡಿಡಿಟಿ ಅನ್ನುವ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆದು, ದೇಶದ ಪೂರ್ವ ಭಾಗದಲ್ಲಿ ಅವು ಇಲ್ಲವಾಗಿದ್ದವು. ಡಿಡಿಟಿಯನ್ನು 1972ರಲ್ಲಿ ನಿಷೇಧಿಸಿದರು. 1999ರಲ್ಲಿ ಡೇಗೆ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು. ನಿಷೇಧ ಇಲ್ಲದೆ ಸುಮ್ನೆ ಬಿಡುತ್ತಾ ಹೋಗಿದ್ದರೆ ಎಷ್ಟು ಬಿಟ್ಟರೂ ದಂಡ ಆಗುತ್ತಿತ್ತು.

ಬಿಡಲಾಗದ ಹಕ್ಕಿಗಳೂ ಇರುತ್ತವೆ. ಕೀಲಿಗೇ ಬಡಿದು ಮುರಿದ ರೆಕ್ಕೆ ಕೂಡಿದರೂ ಮಡಚುವುದಿಲ್ಲ. ಅಂಥ ಹಕ್ಕಿಗೆ ಮೊದಲ ದಿನವೇ ನೋವಿಲ್ಲದ ಸಾವು ಕೊಡುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ನನ್ನನ್ನು ಬೈದವರಿದ್ದಾರೆ. ಆ ಮುದಿ ಹೆಣ್ಣು ಹದ್ದಿನ ಹಾಗೆ ಗೂಡಿನ ಬದುಕಿಗೆ ಒಗ್ಗುವ ಹಕ್ಕಿ ಅಪರೂಪ. ಉಳಿದವು ಪ್ರತಿದಿನ ಗೋಡೆಗೆ ಬಡಿದುಕೊಳ್ಳುತ್ತವೆ.

ಸತ್ತ ಹಕ್ಕಿಯನ್ನು ಮಾತ್ರ ಹಾಗೇ ಹೂಳುವುದಿಲ್ಲ, ಮರಣೋತ್ತರ ಪರೀಕ್ಷೆಗೆ ಕಳಿಸುತ್ತೇನೆ. ದಕ್ಷಿಣ ಏಷ್ಯಾದ ರಣಹದ್ದುಗಳ ಸಾವಿನ ಗುಟ್ಟು ಗೊತ್ತಾದದ್ದೇ ಹಾಗೆ. ಹೆಣಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳ ಮೇಲೆ ಬಿಳಿ ಸುಣ್ಣ ಬಳಿದ ಹಾಗೆ ಯೂರಿಕ್ ಆಮ್ಲ ಕೂತಿತ್ತು. ಮೂತ್ರಪಿಂಡ ಕೆಟ್ಟಿತ್ತು. ದನಕರುಗಳಿಗೆ ನೋವಿಗೆ ಕೊಡುತ್ತಿದ್ದ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರುತ್ತಿದ್ದ ಡೈಕ್ಲೋಫೆನಾಕ್ ಔಷಧಿಯೇ ಕಾರಣ ಅಂತ 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ, ಪಾಕಿಸ್ತಾನ, ನೇಪಾಳ ಅದನ್ನು ಪಶುಗಳಿಗೆ ಬಳಸದಂತೆ ನಿಷೇಧಿಸಿದವು. ರಣಹದ್ದಿಗೆ ಹಾನಿ ಮಾಡದ ಮೆಲೋಕ್ಸಿಕ್ಯಾಮ್ ಅದರ ಜಾಗಕ್ಕೆ ಬಂತು. ಅಷ್ಟರಲ್ಲಿ ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗಿಬಿಟ್ಟಿದ್ದವು.

ನನ್ನಲ್ಲಿಗೆ ಬರುವ ಗೂಬೆಗಳಲ್ಲಿ ಮೈಮೇಲೆ ಗಾಯವೇ ಇಲ್ಲದೆ ಬಾಯೊಳಗೆಲ್ಲ ಬಿಳಿಚಿಕೊಂಡವು ಇರುತ್ತವೆ. ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲುವುದಿಲ್ಲ. ಇಲಿ ಪಾಷಾಣ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಬಯಲಲ್ಲಿ ಓಡಾಡುತ್ತದೆ, ಗೂಬೆಗೆ ಸುಲಭದ ತುತ್ತು. ವಿಟಮಿನ್ ಕೆ ಕೊಟ್ಟು ವಾರಗಟ್ಟಲೆ ಇಟ್ಟುಕೊಂಡರೆ ಕೆಲವು ಉಳಿಯುತ್ತವೆ. ವಾಸಿಯಾದ ಮೇಲೆ ಅದೇ ಜಾಗಕ್ಕೆ ಬಿಡಬೇಕಲ್ಲ, ಅಲ್ಲಿ ಪಾಷಾಣ ಇನ್ನೂ ಇದ್ದರೆ? ಅದಕ್ಕೇ ಈಗ ಹಕ್ಕಿ ತಂದವರಿಂದ ಸಿಕ್ಕಿದ ಜಾಗ ಸರಿಯಾಗಿ ಬರೆಸಿಕೊಳ್ಳುತ್ತೇನೆ. ಕರೆಂಟು ಹೊಡೆದು ಬಂದಿದ್ದರೆ ಕಂಬದ ನಂಬರ್ ಸಮೇತ. ದೊಡ್ಡ ಹಕ್ಕಿಯ ರೆಕ್ಕೆ ಒಟ್ಟಿಗೆ ಎರಡು ತಂತಿಗೆ ತಾಗುತ್ತದೆ, ಅದೂ ಕೆಲವೇ ವಿನ್ಯಾಸದ ಕಂಬಗಳಲ್ಲಿ. ಒಂದೇ ನಂಬರ್ ಪುಸ್ತಕದಲ್ಲಿ ಎರಡನೇ ಸಲ ಬಂತು ಅಂದರೆ ಅರ್ಜಿ ಬರೆದು, ಫೋಟೊ ಅಂಟಿಸಿ, ಆ ಕಂಬದ ತಂತಿಗೆ ಕವಚ ಹಾಕುವವರೆಗೆ ಕಚೇರಿಗೆ ಅಲೆಯುತ್ತೇನೆ. ಗರಿ ಕಸಿಗಿಂತ ಅದಕ್ಕೇ ತಾಳ್ಮೆ ಜಾಸ್ತಿ ಬೇಕು.